ಹಲ್ಲನ್ನು ಹೊರಗಿಟ್ಟ ವಿಮೆ: ಅಮೆರಿಕದ ಉಚಿತ ಕ್ಲಿನಿಕ್‌ಗಳ ಮುಂದಿನ ಸಾಲು ಏಕೆ ಕರಗುವುದಿಲ್ಲ

ನಡುರಾತ್ರಿಯ ಹೊತ್ತಿಗೆ ಮೈದಾನದ ಗೇಟು ತೆರೆಯುತ್ತದೆ. ಕಾರುಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಒಳಗಿರುವವರು ಸೀಟನ್ನು ಹಿಂದಕ್ಕೆ ವಾಲಿಸಿ, ಕಂಬಳಿ ಹೊದ್ದು, ಬೆಳಗಿನ ಜಾವ ಹಂಚುವ ಸಂಖ್ಯೆಯ ಚೀಟಿಗಾಗಿ ಕಾಯುತ್ತಾರೆ. ಅವರಲ್ಲಿ ಅನೇಕರು ಬಂದಿರುವುದು ತಿಂಗಳುಗಟ್ಟಲೆ ನೋಯುತ್ತಿರುವ ಹಲ್ಲೊಂದನ್ನು ಕೀಳಿಸಿಕೊಳ್ಳಲು. ರಿಮೋಟ್ ಏರಿಯಾ ಮೆಡಿಕಲ್ ಎಂಬ ಸಂಸ್ಥೆ ಅಮೆರಿಕದ ಊರೂರುಗಳಲ್ಲಿ ನಡೆಸುವ ಉಚಿತ ಶಿಬಿರಗಳಲ್ಲಿ ಇದು ವರ್ಷವಿಡೀ ಕಾಣುವ ದೃಶ್ಯ.

ಈ ಚಿತ್ರದ ಜೊತೆಗೇ ಈಗ ಬೇರೆ ಸುದ್ದಿಗಳೂ ಬರುತ್ತಿವೆ. 2025ರ ಡಿಸೆಂಬರ್ 31ಕ್ಕೆ ಖಾಸಗಿ ವಿಮೆಯ ಮೇಲಿನ ಹೆಚ್ಚುವರಿ ಸಹಾಯಧನ ಮುಗಿಯಿತು. ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್‌ಗೆ ಹೊಸ ಷರತ್ತುಗಳು ಬರಲಿವೆ. ವಿಮೆ ಕಳೆದುಕೊಂಡವರಿಗೆ ದತ್ತಿ ಕ್ಲಿನಿಕ್‌ಗಳು ಇದ್ದೇ ಇವೆಯಲ್ಲ ಎಂದು ಒಬ್ಬರು ಹೇಳುತ್ತಾರೆ. ಅವು ಈಗಾಗಲೇ ತುಂಬಿ ತುಳುಕುತ್ತಿವೆ ಎಂದು ಇನ್ನೊಬ್ಬರು. ಓದುಗರಿಗೆ ಗೊಂದಲವಾಗುವುದು ಸಹಜ. ವಿಮೆ ಇದ್ದವರೂ ಈ ಸಾಲಿನಲ್ಲಿ ಏಕಿರುತ್ತಾರೆ? ವಿಮೆ ಇದೆ ಎಂಬ ಕಾರಣಕ್ಕೇ ಕೆಲವು ಉಚಿತ ಕ್ಲಿನಿಕ್‌ಗಳು ರೋಗಿಯನ್ನು ಹಿಂದೆ ಕಳುಹಿಸುವುದೇಕೆ? ಎಲ್ಲಕ್ಕಿಂತ ಹೆಚ್ಚಾಗಿ, ಈ ಕಥೆಯಲ್ಲಿ ಹಲ್ಲೇ ಏಕೆ ಮತ್ತೆ ಮತ್ತೆ ಬರುತ್ತದೆ?

ಒಂದೇ ಹೆಸರಿನಡಿ ಮೂರು ಬಗೆ

‘ಉಚಿತ ಕ್ಲಿನಿಕ್’ ಎಂದು ಜನ ಕರೆಯುವುದರಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಅರ್ಧ ಗೊಂದಲ ಹುಟ್ಟುವುದು ಇಲ್ಲೇ.

ಮೊದಲನೆಯದು ನಿಜವಾದ ಉಚಿತ ಕ್ಲಿನಿಕ್. ಇಲ್ಲಿ ರೋಗಿ ಹಣ ಕೊಡುವುದಿಲ್ಲ, ವಿಮಾ ಕಂಪನಿಗೂ ಬಿಲ್ ಹೋಗುವುದಿಲ್ಲ. ದೇಣಿಗೆ, ಸ್ವಯಂಸೇವಕ ವೈದ್ಯರು, ಔಷಧ ಕಂಪನಿಗಳು ಕೊಟ್ಟ ಮಾತ್ರೆಗಳು, ಹತ್ತಿರದ ಆಸ್ಪತ್ರೆ ಪುಕ್ಕಟೆಯಾಗಿ ಮಾಡಿಕೊಡುವ ರಕ್ತಪರೀಕ್ಷೆ, ಇಷ್ಟರ ಮೇಲೆ ಅದು ನಡೆಯುತ್ತದೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಡೇವಿಡ್ ಸ್ಮಿತ್ ಎಂಬ ಯುವ ವೈದ್ಯರು 1967ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೈಟ್ ಆಶ್ಬರಿಯಲ್ಲಿ ತೆರೆದ ಕ್ಲಿನಿಕ್. ಎರಡನೆಯದು ದತ್ತಿ ಕ್ಲಿನಿಕ್. ಇದೂ ದಾನದಿಂದಲೇ ನಡೆಯುತ್ತದೆ, ಆದರೆ ಆದಾಯಕ್ಕೆ ತಕ್ಕಂತೆ ಸಣ್ಣ ಶುಲ್ಕ ಕೇಳಬಹುದು. ಈ ಎರಡೂ ಬಗೆಯವು ಸೇರಿ ದೇಶದಲ್ಲಿ 1,400ಕ್ಕೂ ಹೆಚ್ಚು ಇವೆ.

ಮೂರನೆಯದು ಸಮುದಾಯ ಆರೋಗ್ಯ ಕೇಂದ್ರ. ಇದು ದತ್ತಿ ಸಂಸ್ಥೆಯಂತೆ ಕಂಡರೂ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಅನುದಾನ ಪಡೆಯುವ ವ್ಯವಸ್ಥೆ. 1960ರ ದಶಕದಲ್ಲಿ ಬಾಸ್ಟನ್ ಮತ್ತು ಮಿಸಿಸಿಪ್ಪಿಯಲ್ಲಿ ಶುರುವಾದ ಈ ಕೇಂದ್ರಗಳಿಗೆ ಇಂದು ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಜನ ಬರುತ್ತಾರೆ. ಕಾನೂನಿನ ಪ್ರಕಾರ ಅವು ಹಣವಿಲ್ಲವೆಂದು ಯಾರನ್ನೂ ತಿರುಗಿಸಿ ಕಳುಹಿಸುವಂತಿಲ್ಲ. ಬಡತನ ರೇಖೆಯ ಎರಡು ಪಟ್ಟಿನವರೆಗೆ ಆದಾಯವಿದ್ದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಬೇಕು. ಮೆಡಿಕೇಡ್ ಕಾರ್ಡ್ ಅಲ್ಲಿ ನಡೆಯುತ್ತದೆ. ನಡೆಯುವುದಷ್ಟೇ ಅಲ್ಲ, ಅವುಗಳ ಅತಿ ದೊಡ್ಡ ಆದಾಯದ ಮೂಲವೇ ಮೆಡಿಕೇಡ್. ಈ ಅಂಶವನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಇದು ಮತ್ತೆ ಬರುತ್ತದೆ.

ವಿಮೆ ಇದ್ದವರನ್ನು ಉಚಿತ ಕ್ಲಿನಿಕ್ ತಿರುಗಿಸಿ ಕಳುಹಿಸುವುದರ ಹಿಂದೆ ಒಂದು ಕಾನೂನಿನ ಲೆಕ್ಕಾಚಾರವೂ ಇದೆ. ಅಮೆರಿಕದಲ್ಲಿ ವೈದ್ಯರ ಮೇಲೆ ನಿರ್ಲಕ್ಷ್ಯದ ಮೊಕದ್ದಮೆ ಹೂಡಿದರೆ ಪರಿಹಾರದ ಮೊತ್ತ ಭಾರಿಯಾಗಿರಬಹುದು. ಆ ಅಪಾಯಕ್ಕೆ ಮಾಡಿಸಬೇಕಾದ ವಿಮೆ ದುಬಾರಿ. ನಿವೃತ್ತ ವೈದ್ಯರೊಬ್ಬರು ವಾರಕ್ಕೆ ಒಂದು ಸಂಜೆ ಸೇವೆ ಮಾಡಲು ಅಷ್ಟು ಹಣ ತೆರಲಾರರು. ಹಾಗಾಗಿ 1996ರ ಒಂದು ಕಾನೂನು ಉಚಿತ ಕ್ಲಿನಿಕ್‌ನ ಸ್ವಯಂಸೇವಕರನ್ನು, ಮೊಕದ್ದಮೆಯ ಮಟ್ಟಿಗೆ, ಫೆಡರಲ್ ನೌಕರರಂತೆ ಪರಿಗಣಿಸಲು ದಾರಿ ಮಾಡಿತು. 2010ರಲ್ಲಿ ಆ ರಕ್ಷಣೆ ಕ್ಲಿನಿಕ್‌ನ ಸಿಬ್ಬಂದಿಗೂ ಆಡಳಿತ ಮಂಡಳಿಗೂ ವಿಸ್ತರಿಸಿತು. ಆದರೆ ಷರತ್ತು ಕಟ್ಟುನಿಟ್ಟಾದದ್ದು: ಸೇವೆಗೆ ರೋಗಿಯಿಂದ ಶುಲ್ಕ ಪಡೆಯಬಾರದು, ವಿಮಾ ಕಂಪನಿಯಿಂದಾಗಲಿ ಸರ್ಕಾರಿ ವಿಮೆಯಿಂದಾಗಲಿ ಹಣ ಪಡೆಯಬಾರದು. ಮನಸ್ಸಿನಿಂದ ಕೊಟ್ಟ ದೇಣಿಗೆ ಮಾತ್ರ ಸರಿ. ಈ ರಕ್ಷಣೆಯನ್ನು ನಂಬಿದ ಕ್ಲಿನಿಕ್, ಮೆಡಿಕೇಡ್ ಇರುವ ರೋಗಿಗೆ ಚಿಕಿತ್ಸೆ ಕೊಟ್ಟರೂ ಅದರ ಹಣವನ್ನು ಕೇಳುವಂತಿಲ್ಲ. ಇರುವ ಅಷ್ಟಿಷ್ಟು ಹೊತ್ತನ್ನು ಬೇರೆ ಯಾವ ದಾರಿಯೂ ಇಲ್ಲದವರಿಗೆ ಮೀಸಲಿಡುವುದು ಅದಕ್ಕೆ ಅನಿವಾರ್ಯವಾಗುತ್ತದೆ.

ಬಾಯಿ ದೇಹದಿಂದ ಬೇರೆಯಾದ ಬಗೆ

ಇನ್ನು ಹಲ್ಲಿನ ವಿಷಯ. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು ತೆರೆಯಿತು. ಅಲ್ಲಿಂದಾಚೆಗೆ ಅಮೆರಿಕದಲ್ಲಿ ದಂತವೈದ್ಯಕ್ಕೆ ತನ್ನದೇ ಕಾಲೇಜು, ತನ್ನದೇ ಪರವಾನಗಿ, ತನ್ನದೇ ಸಂಘ. ಬಹುಪಾಲು ದಂತವೈದ್ಯರು ಆಸ್ಪತ್ರೆಯ ಹೊರಗೆ, ಸ್ವಂತ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವ ರೂಢಿ ಬೆಳೆಯಿತು. ಹಾಗಾಗಿ ಇಪ್ಪತ್ತನೆಯ ಶತಮಾನದಲ್ಲಿ ವಿಮೆಯ ಏರ್ಪಾಡು ಆಸ್ಪತ್ರೆಯ ಸುತ್ತ ಕಟ್ಟಿಕೊಂಡಾಗ ಹಲ್ಲು ಅದರ ಹೊರಗೇ ಉಳಿಯಿತು.

1965ರಲ್ಲಿ ಹಿರಿಯರಿಗಾಗಿ ಮೆಡಿಕೇರ್ ಬಂದಾಗ ಈ ಬೇರ್ಪಾಡು ಕಾನೂನಿನ ಅಕ್ಷರದಲ್ಲೇ ಸೇರಿಕೊಂಡಿತು. ಹಲ್ಲಿನ ಆರೈಕೆ, ತುಂಬಿಸುವುದು, ಕೀಳುವುದು, ಬದಲಿ ಹಲ್ಲು ಕೂರಿಸುವುದು, ಇವಕ್ಕೆ ಹಣ ಕೊಡುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಈಚಿನ ವರ್ಷಗಳಲ್ಲಿ ಸಣ್ಣ ಸಡಿಲಿಕೆಗಳಾಗಿವೆ: ಅಂಗಾಂಗ ಕಸಿ ಅಥವಾ ಹೃದಯದ ಕವಾಟ ಬದಲಿಸುವ ಮುನ್ನ ಬಾಯಿಯ ಸೋಂಕು ತೆಗೆಯಬೇಕಾದರೆ ಈಗ ಮೆಡಿಕೇರ್ ಭರಿಸುತ್ತದೆ. ಅಂದರೆ ಹಲ್ಲಿನ ಸೋಂಕು ಜೀವಕ್ಕೆ ಸಂಬಂಧಿಸಿದ್ದು ಎಂದು ಕಾನೂನು ಒಪ್ಪಿದೆ. ಆದರೆ ದೊಡ್ಡ ಚಿಕಿತ್ಸೆಯೊಂದು ಎದುರಿಗೆ ಬಂದು ನಿಂತಾಗ ಮಾತ್ರ.

ಮೆಡಿಕೇಡ್‌ನ ರೀತಿ ಬೇರೆ. ಅದರಲ್ಲಿರುವ ಮಕ್ಕಳಿಗೆ ದಂತ ಚಿಕಿತ್ಸೆ ಕಡ್ಡಾಯ. ವಯಸ್ಕರಿಗೆ ಕೊಡುವುದು ಬಿಡುವುದು ಆಯಾ ರಾಜ್ಯದ ಇಷ್ಟ. ಇಷ್ಟಕ್ಕೆ ಬಿಟ್ಟದ್ದು ಬಜೆಟ್ ಬಿಗಿಯಾದಾಗ ಮೊದಲು ಹೋಗುತ್ತದೆ. 2009ರ ಆರ್ಥಿಕ ಬಿಕ್ಕಟ್ಟಿನಲ್ಲಿ ಕ್ಯಾಲಿಫೋರ್ನಿಯಾ ವಯಸ್ಕರ ದಂತ ಸೌಲಭ್ಯದ ಬಹುಭಾಗವನ್ನು ಕಿತ್ತುಹಾಕಿತು. 2014ರಲ್ಲಿ ಸ್ವಲ್ಪ ಮರಳಿ ಬಂತು, ಪೂರ್ತಿ ಬಂದದ್ದು 2018ರಲ್ಲಿ. ಒಂಬತ್ತು ವರ್ಷ ಒಂದು ಹುಳುಕು ಕಾಯುವುದಿಲ್ಲ. ಮೇಲ್ಪದರದ ಚಿಕ್ಕ ಕುಳಿ ಅಷ್ಟರಲ್ಲಿ ನರವನ್ನು ತಲುಪಿ, ಬೇರಿನ ತುದಿಯಲ್ಲಿ ಕೀವಾಗಿ, ಹಲ್ಲನ್ನೇ ಕೀಳಬೇಕಾದ ಸ್ಥಿತಿಗೆ ತಂದಿರುತ್ತದೆ.

2010ರ ಆರೋಗ್ಯ ಸುಧಾರಣಾ ಕಾನೂನು ಕೂಡ ಇದೇ ಗೆರೆಯನ್ನು ಉಳಿಸಿಕೊಂಡಿತು: ಮಕ್ಕಳ ಹಲ್ಲು ಅಗತ್ಯ ಸೇವೆ, ವಯಸ್ಕರದ್ದಲ್ಲ. ಖಾಸಗಿಯಾಗಿ ಹಲ್ಲಿನ ವಿಮೆ ಕೊಂಡವರಿಗೂ ವರ್ಷಕ್ಕೆ ಸಾಮಾನ್ಯವಾಗಿ 1,000ದಿಂದ 2,000 ಡಾಲರ್‌ವರೆಗಿನ ಮಿತಿ ಇರುತ್ತದೆ. ಆರೋಗ್ಯ ವಿಮೆ ಮಾಡುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಖರ್ಚು ಒಂದು ಮಟ್ಟ ದಾಟಿದರೆ ಕಂಪನಿ ಪೂರ್ತಿ ಭರಿಸುತ್ತದೆ. ಇಲ್ಲಿ ಒಂದು ಮಟ್ಟ ದಾಟಿದರೆ ರೋಗಿಯೇ ಪೂರ್ತಿ ಭರಿಸಬೇಕು. ವಿಮೆ ಇದ್ದವರೂ ಶಿಬಿರದ ಸಾಲಿನಲ್ಲಿ ನಿಲ್ಲುವುದಕ್ಕೆ ಉತ್ತರ ಇಲ್ಲಿದೆ.

ತುರ್ತು ವಿಭಾಗ ಏಕೆ ಸಾಲದು

ಮೆಡಿಕೇರ್ ಹಣ ಪಡೆಯುವ, ತುರ್ತು ವಿಭಾಗವಿರುವ ಯಾವ ಆಸ್ಪತ್ರೆಯೂ ತುರ್ತು ರೋಗಿಯನ್ನು ನಿರಾಕರಿಸುವಂತಿಲ್ಲ ಎಂಬುದು ನಿಜ. 1986ರ ಕಾನೂನು ಹಾಗೆ ಹೇಳುತ್ತದೆ. ಆದರೆ ಅದು ಕಡ್ಡಾಯ ಮಾಡಿದ್ದು ಪರೀಕ್ಷಿಸಿ, ಅಪಾಯದ ಸ್ಥಿತಿಯಿಂದ ಪಾರುಮಾಡುವುದನ್ನು ಮಾತ್ರ. ಬಿಲ್ಲು ಆಮೇಲೆ ಬಂದೇ ಬರುತ್ತದೆ. ಹಲ್ಲುನೋವಿನಿಂದ ವರ್ಷಕ್ಕೆ ಸುಮಾರು 20 ಲಕ್ಷ ಬಾರಿ ಜನ ತುರ್ತು ವಿಭಾಗಕ್ಕೆ ಹೋಗುತ್ತಾರೆ. ಬಹುತೇಕ ಕಡೆ ಅಲ್ಲಿ ದಂತವೈದ್ಯರಿರುವುದಿಲ್ಲ. ನೋವಿನ ಮಾತ್ರೆ, ಆ್ಯಂಟಿಬಯೋಟಿಕ್ ಮತ್ತು ‘ದಂತವೈದ್ಯರನ್ನು ಕಾಣಿ’ ಎಂಬ ಚೀಟಿ ಸಿಗುತ್ತದೆ. ಬೇರು ಅಲ್ಲೇ ಇರುವುದರಿಂದ ನೋವು ಮತ್ತೆ ಬರುತ್ತದೆ.

ಇದು ಎಲ್ಲಿಗೆ ಮುಟ್ಟಬಹುದೆಂದು 2007ರಲ್ಲಿ ಮೇರಿಲ್ಯಾಂಡ್ ಕಂಡಿತು. ಹನ್ನೆರಡು ವರ್ಷದ ಹುಡುಗನೊಬ್ಬನ ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಹರಡಿತು. ಕೀಳಿಸಲು ಸುಮಾರು 80 ಡಾಲರ್ ಸಾಕಾಗುತ್ತಿತ್ತು. ಎರಡು ಶಸ್ತ್ರಚಿಕಿತ್ಸೆಗಳಾದವು, ಎರಡೂವರೆ ಲಕ್ಷ ಡಾಲರ್‌ನಷ್ಟು ಖರ್ಚಾಯಿತು, ಮಗು ಉಳಿಯಲಿಲ್ಲ. ಆ ಸಾವು ದೇಶವನ್ನು ಕಲಕಿತು. 2009ರಲ್ಲಿ ಮಕ್ಕಳ ವಿಮಾ ಯೋಜನೆಯಲ್ಲಿ ದಂತ ಚಿಕಿತ್ಸೆ ಕಡ್ಡಾಯವಾಯಿತು. ಆ ಮಕ್ಕಳ ತಂದೆತಾಯಿಯರ ಹಲ್ಲಿನ ಬಗ್ಗೆ ಅಂಥ ಕಾನೂನು ಇನ್ನೂ ಬಂದಿಲ್ಲ.

ಬಾಗಿಲು ದಾಟಿದ ಮೇಲೆ

ಉಚಿತ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಪಡೆಯುವುದೆಂದರೆ ಹೋಗಿ ಕುಳಿತುಕೊಳ್ಳುವುದಲ್ಲ. ಪ್ರತಿ ಕ್ಲಿನಿಕ್‌ಗೂ ತನ್ನದೇ ಅರ್ಹತೆಯ ನಿಯಮಗಳಿವೆ. ಸಾಮಾನ್ಯವಾಗಿ ಮೂರು ವಿಷಯ ನೋಡುತ್ತಾರೆ: ವಿಮೆ ಇದೆಯೇ, ಆ ಕೌಂಟಿಯಲ್ಲಿ (ಜಿಲ್ಲೆಯಂಥ ಆಡಳಿತ ಪ್ರದೇಶದಲ್ಲಿ) ವಾಸವಿದ್ದಾರೆಯೇ, ಆದಾಯ ಮಿತಿಯೊಳಗಿದೆಯೇ. ಆದಾಯದ ಮಿತಿಯನ್ನು ಬಡತನ ರೇಖೆಯ ಎರಡು ಪಟ್ಟು, ಕೆಲವೆಡೆ ಅದಕ್ಕಿಂತ ಹೆಚ್ಚು ಎಂದು ಇಟ್ಟಿರುತ್ತಾರೆ. 2025ರ ಲೆಕ್ಕದಲ್ಲಿ ಒಬ್ಬರಿಗೆ ಬಡತನ ರೇಖೆ ವರ್ಷಕ್ಕೆ 15,650 ಡಾಲರ್; ನಾಲ್ವರ ಕುಟುಂಬಕ್ಕೆ 32,150. ಸಂಬಳದ ಚೀಟಿ, ತೆರಿಗೆ ವಿವರ, ವಿಳಾಸಕ್ಕೆ ಒಂದು ಬಿಲ್ಲು, ಇಷ್ಟು ತರಬೇಕಾಗಬಹುದು. ದಿನಗೂಲಿ ನಗದಾಗಿ ಪಡೆಯುವವರಿಗೆ ಇದೇ ಮೊದಲ ಎಡವು ಕಲ್ಲು. ಮೈದಾನದ ಶಿಬಿರಗಳಲ್ಲಿ ಗುರುತಿನ ಚೀಟಿಯನ್ನೂ ಕೇಳುವುದಿಲ್ಲ, ಆದರೆ ಅಲ್ಲಿ ಸಮಯ ಸಾಲದ ಕಾರಣ ಹಲ್ಲೋ ಕಣ್ಣೋ ಎಂದು ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ವೈದ್ಯಕೀಯ ಭಾಗದಲ್ಲಿ ಈ ಕ್ಲಿನಿಕ್‌ಗಳು ಮಾಡುವ ಕೆಲಸ ನಿಜಕ್ಕೂ ದೊಡ್ಡದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯಿಡ್, ಆಸ್ತಮಾ ಇವನ್ನು ತಿಂಗಳಿಗೊಮ್ಮೆ ನೋಡಿ, ಮಾತ್ರೆ ಕೊಟ್ಟು ಹಿಡಿತದಲ್ಲಿಡಬಹುದು. ಒಬ್ಬ ವೈದ್ಯ, ಒಬ್ಬ ದಾದಿ, ಒಂದು ಮೇಜು, ದಾನವಾಗಿ ಬಂದ ಔಷಧ ಇದ್ದರೆ ಒಂದು ಸಂಜೆಯಲ್ಲಿ ಹತ್ತಾರು ಜನರಿಗೆ ನೆರವಾಗುತ್ತದೆ.

ಹಲ್ಲಿನ ಕೆಲಸ ಹಾಗಲ್ಲ. ಅದು ಮೂಲತಃ ಕೈಯಿಂದ ಮಾಡುವ ಶಸ್ತ್ರಚಿಕಿತ್ಸೆ. ಅದಕ್ಕೆ ಕುರ್ಚಿ ಬೇಕು, ಗಾಳಿಯೊತ್ತಡದ ಕಂಪ್ರೆಸರ್ ಬೇಕು, ಬಾಯಿಯ ನೀರು ಎಳೆಯುವ ಯಂತ್ರ, ಎಕ್ಸ್‌ರೇ, ಉಪಕರಣಗಳನ್ನು ಸೋಂಕುಮುಕ್ತಗೊಳಿಸುವ ಆಟೋಕ್ಲೇವ್ ಬೇಕು, ಪಕ್ಕದಲ್ಲಿ ನಿಲ್ಲುವ ಸಹಾಯಕರು ಬೇಕು. ಒಂದು ಕುರ್ಚಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ. ರೋಗಿಯ ಬಳಿ ಮಾತನಾಡಿ ಮಾತ್ರೆ ಬರೆದುಕೊಟ್ಟು ಮುಗಿಸುವಂತಿಲ್ಲ. ದಂತವೈದ್ಯರಲ್ಲಿ ಹೆಚ್ಚಿನವರು ಸ್ವಂತ ಚಿಕಿತ್ಸಾಲಯ ನಡೆಸುವವರಾದ್ದರಿಂದ, ಅವರು ಒಂದು ದಿನ ಸೇವೆಗೆ ಹೊರಟರೆ ಅಲ್ಲಿನ ಬಾಡಿಗೆ, ಸಂಬಳ ನಿಲ್ಲುವುದಿಲ್ಲ. ಪರವಾನಗಿ ಆಯಾ ರಾಜ್ಯಕ್ಕೆ ಸೀಮಿತವಾದ್ದರಿಂದ ಪಕ್ಕದ ರಾಜ್ಯದವರು ಬಂದು ಕೈಜೋಡಿಸಲು ಎಲ್ಲೆಡೆ ಅವಕಾಶವೂ ಇಲ್ಲ.

ಇದರ ಪರಿಣಾಮ ರೋಗಿಯ ಬಾಯಿಯಲ್ಲೇ ಕಾಣುತ್ತದೆ. ಹಲ್ಲು ಕೀಳುವುದು ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಲು ಸಾಮಾನ್ಯವಾಗಿ ಹಲವು ಭೇಟಿಗಳು ಬೇಕು, ಹೊರಗಿನ ಲ್ಯಾಬ್‌ಗೆ ಹಣ ಬೇಕು. ಹಲ್ಲಿನ ಸೆಟ್ಟಿಗೂ ಹಾಗೆಯೇ. ಆದ್ದರಿಂದ ಉಚಿತ ಕುರ್ಚಿಯಲ್ಲಿ ಹೆಚ್ಚಾಗಿ ನಡೆಯುವುದು ಕೀಳುವ, ತುಂಬುವ, ಶುಚಿಮಾಡುವ ಕೆಲಸ. ನೋವು ಹೋಗುತ್ತದೆ, ಉಳಿಸಬಹುದಾಗಿದ್ದ ಹಲ್ಲೂ ಹೋಗುತ್ತದೆ. ಮುಂದಿನ ಹಲ್ಲಿಲ್ಲದವರಿಗೆ ಗ್ರಾಹಕರ ಎದುರು ನಿಲ್ಲುವ ಕೆಲಸ ಸಿಗುವುದು ಕಷ್ಟ, ದವಡೆ ಹಲ್ಲಿಲ್ಲದವರಿಗೆ ಗಟ್ಟಿ ಆಹಾರ ಅಗಿಯುವುದು ಕಷ್ಟ. ಒಸಡಿನ ಸೋಂಕು ಹಾಗೇ ಉಳಿದರೆ ಸಕ್ಕರೆ ಹಿಡಿತಕ್ಕೆ ಬರುವುದು ಕಷ್ಟ. ಸಕ್ಕರೆ ಏರಿದಷ್ಟೂ ಒಸಡು ಹಾಳಾಗುತ್ತದೆ. ಪಕ್ಕದ ಕೋಣೆಯಲ್ಲಿ ವೈದ್ಯರು ಮಾತ್ರೆಯಿಂದ ಕಟ್ಟಿದ್ದನ್ನು ಬಾಯಿ ಕೆಡವುತ್ತಿರುತ್ತದೆ. ಈ ಎರಡು ಕೋಣೆಗಳನ್ನು ಒಂದೇ ಸೂರಿನಡಿ ತಂದದ್ದು ಉಚಿತ ಕ್ಲಿನಿಕ್‌ಗಳ ನಿಜವಾದ ಹೆಗ್ಗಳಿಕೆ. ದೇಶದ ವಿಮಾ ವ್ಯವಸ್ಥೆ ಅಷ್ಟನ್ನೂ ಮಾಡಿಲ್ಲ.

ಈಗ ಬದಲಾಗುತ್ತಿರುವುದು ಏನು

2024ರಲ್ಲಿ ಅಮೆರಿಕದಲ್ಲಿ ವಿಮೆಯಿಲ್ಲದವರು ಸುಮಾರು 2.7 ಕೋಟಿ. ಈ ಸಂಖ್ಯೆಯನ್ನು ಮೇಲಕ್ಕೆ ತಳ್ಳುವ ಎರಡು ಬದಲಾವಣೆಗಳಾಗಿವೆ.

ಮೊದಲನೆಯದು ಸಹಾಯಧನ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಖಾಸಗಿ ವಿಮೆ ಕೊಳ್ಳುವವರಿಗೆ ತೆರಿಗೆ ರಿಯಾಯಿತಿ ಹೆಚ್ಚಿಸಲಾಯಿತು; 2022ರಲ್ಲಿ ಅದನ್ನು 2025ರ ಕೊನೆಯವರೆಗೆ ಮುಂದುವರಿಸಲಾಯಿತು. ಅದನ್ನು ಮತ್ತೆ ವಿಸ್ತರಿಸಬೇಕೇ ಎಂಬ ಜಗಳವೇ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರ ಸ್ಥಗಿತಗೊಳ್ಳಲು ಮುಖ್ಯ ಕಾರಣವಾಯಿತು. ವಿಸ್ತರಣೆ ಆಗದೆ ಅವಧಿ ಮುಗಿಯಿತು. ಆಗುವುದಿಷ್ಟು: ವಿಮೆಯ ಕಂತು ಏರುತ್ತದೆ, ಆರೋಗ್ಯವಾಗಿರುವವರು ಮೊದಲು ಬಿಡುತ್ತಾರೆ, ಉಳಿದವರಲ್ಲಿ ಕಾಯಿಲೆಯವರ ಪಾಲು ಹೆಚ್ಚಿ ಕಂತು ಇನ್ನೂ ಏರುತ್ತದೆ.

ಎರಡನೆಯದು 2025ರ ಜುಲೈ 4ರಂದು ಸಹಿಯಾದ ಕಾನೂನು. 2010ರ ಕಾನೂನಿನ ಅವಕಾಶ ಬಳಸಿ ಹೆಚ್ಚು ವಯಸ್ಕರಿಗೆ ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ಆ ವಿಸ್ತರಣೆಯಡಿ ಬರುವ 19ರಿಂದ 64 ವರ್ಷದವರು ತಿಂಗಳಿಗೆ 80 ಗಂಟೆ ದುಡಿಮೆ, ಓದು ಅಥವಾ ಸೇವೆ ಮಾಡಿದ್ದನ್ನು ತೋರಿಸಬೇಕು. ಚಿಕ್ಕ ಮಕ್ಕಳ ಪೋಷಕರು, ತೀವ್ರ ಅನಾರೋಗ್ಯದವರು ಮೊದಲಾದವರಿಗೆ ವಿನಾಯಿತಿ ಇದೆ. ರಾಜ್ಯಗಳು ಇದನ್ನು ಜಾರಿಗೆ ತರಲು ಗಡುವು 2027ರ ಜನವರಿ 1. ಅರ್ಹತೆಯನ್ನು ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ ಪರಿಶೀಲಿಸಲಾಗುತ್ತದೆ. ಈ ಕಾನೂನಿನಿಂದ 2034ರ ಹೊತ್ತಿಗೆ ವಿಮೆಯಿಲ್ಲದವರ ಸಂಖ್ಯೆ ಸುಮಾರು ಒಂದು ಕೋಟಿ ಹೆಚ್ಚಬಹುದೆಂದು ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿದೆ.

ಮೆಡಿಕೇಡ್ ವಿಸ್ತರಿಸದ ಹತ್ತು ರಾಜ್ಯಗಳ ಪಾಡು ಮೊದಲಿನಿಂದಲೂ ಬೇರೆ. ಟೆಕ್ಸಾಸ್‌ನಲ್ಲಿ ಮಕ್ಕಳಿಲ್ಲದ, ಅಂಗವಿಕಲರಲ್ಲದ ವಯಸ್ಕರು ಎಷ್ಟೇ ಬಡವರಾದರೂ ಸಾಮಾನ್ಯವಾಗಿ ಮೆಡಿಕೇಡ್‌ಗೆ ಅರ್ಹರಲ್ಲ. ಬಡತನ ರೇಖೆಗಿಂತ ಕೆಳಗಿದ್ದರೆ ಖಾಸಗಿ ವಿಮೆಯ ಸಹಾಯಧನವೂ ಇಲ್ಲ, ಏಕೆಂದರೆ ಅದು ಶುರುವಾಗುವುದೇ ಆ ರೇಖೆಯಿಂದ. ಅತಿ ಬಡವರೇ ಎರಡರ ನಡುವಿನ ಬಿರುಕಿಗೆ ಬೀಳುತ್ತಾರೆ. ಅವರಿಗೆ ಉಚಿತ ಕ್ಲಿನಿಕ್ ಉಳಿದಿರುವ ಕೆಲವೇ ದಾರಿಗಳಲ್ಲಿ ಒಂದು.

ವಾದ, ಪ್ರತಿವಾದ

ಹೊಸ ಕಾನೂನಿನ ಪರವಾಗಿರುವವರ ವಾದಕ್ಕೆ ತನ್ನದೇ ತರ್ಕವಿದೆ. ಮೆಡಿಕೇಡ್ ಮೊದಲು ಬಂದದ್ದು ಅತಿ ಬಡವರಿಗೆ, ಅಂಗವಿಕಲರಿಗೆ, ಮಕ್ಕಳಿಗೆ, ದುಡಿಯಬಲ್ಲವರು ದುಡಿಯಬೇಕು, ಕೋವಿಡ್ ಕಾಲದ ಸಹಾಯಧನ ತಾತ್ಕಾಲಿಕವೆಂದೇ ಹೇಳಿದ್ದರು, ನೆರೆಹೊರೆಯ ಕಷ್ಟವನ್ನು ಸ್ಥಳೀಯ ದತ್ತಿ ಸಂಸ್ಥೆಗಳು ಸರ್ಕಾರಕ್ಕಿಂತ ಚೆನ್ನಾಗಿ ಅರಿಯುತ್ತವೆ ಎನ್ನುತ್ತಾರೆ. ಗ್ರಾಮೀಣ ಆರೋಗ್ಯಕ್ಕೆ ಅದೇ ಕಾನೂನಿನಲ್ಲಿ ಐದು ವರ್ಷಕ್ಕೆ 5,000 ಕೋಟಿ ಡಾಲರ್ ಇಟ್ಟಿರುವುದನ್ನೂ ತೋರಿಸುತ್ತಾರೆ.

ವಿರೋಧಿಗಳು ಅರ್ಕನ್ಸಾವನ್ನು ತೋರಿಸುತ್ತಾರೆ. 2018ರಲ್ಲಿ ಅಲ್ಲಿ ಇಂಥದೇ ನಿಯಮ ಬಂದಾಗ ಕೆಲವೇ ತಿಂಗಳಲ್ಲಿ ಸುಮಾರು 18,000 ಜನ ಮೆಡಿಕೇಡ್ ಕಳೆದುಕೊಂಡರು. 2019ರಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಉದ್ಯೋಗ ಹೆಚ್ಚಿದ್ದು ಕಾಣಲಿಲ್ಲ. ನಿಯಮದ ವ್ಯಾಪ್ತಿಗೆ ಬಂದವರಲ್ಲಿ ಬಹುತೇಕರು ಮೊದಲೇ ದುಡಿಯುತ್ತಿದ್ದರು ಅಥವಾ ವಿನಾಯಿತಿಗೆ ಅರ್ಹರಾಗಿದ್ದರು. ವಿಮೆ ಕಳೆದುಕೊಂಡ ಅನೇಕರು ಸೋತದ್ದು ವರದಿ ಸಲ್ಲಿಸುವಲ್ಲಿ. ಈ ಲೇಖನದ ದೃಷ್ಟಿಯಲ್ಲಿ ಇದು ಬಲವಾದ ಸಾಕ್ಷ್ಯ: ನಿಯಮ ಅಳೆದದ್ದು ದುಡಿಮೆಯನ್ನಲ್ಲ, ಕಾಗದಪತ್ರ ಸಲ್ಲಿಸುವ ಶಕ್ತಿಯನ್ನು.

ದಂತವೈದ್ಯರೊಳಗೂ ಒಮ್ಮತವಿಲ್ಲ. 2021ರಲ್ಲಿ ಮೆಡಿಕೇರ್‌ಗೆ ಹಲ್ಲಿನ ಚಿಕಿತ್ಸೆ ಸೇರಿಸುವ ಪ್ರಸ್ತಾಪ ಬಂದಾಗ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಅದನ್ನು ಒಪ್ಪಲಿಲ್ಲ. ಎಲ್ಲ ಹಿರಿಯರಿಗೂ ಬೇಡ, ಬಡತನ ರೇಖೆಯ ಮೂರು ಪಟ್ಟಿನೊಳಗಿನವರಿಗೆ ಪ್ರತ್ಯೇಕ ಯೋಜನೆ ಇರಲಿ ಎಂದಿತು. ಸರ್ಕಾರಿ ದರ ಖರ್ಚಿಗೂ ಸಾಲದೆಂಬ ಭಯ ಅದರ ಹಿಂದಿತ್ತು. ಆ ಭಯ ಆಧಾರವಿಲ್ಲದ್ದಲ್ಲ. ಮೆಡಿಕೇಡ್ ಕಾರ್ಡ್ ಹಿಡಿದು ದಂತವೈದ್ಯರನ್ನು ಹುಡುಕುವವರಿಗೆ ಬಾಗಿಲುಗಳು ಮುಚ್ಚಿರುವುದಕ್ಕೂ ಅದೇ ಕಡಿಮೆ ದರ ಕಾರಣ. ಕೊನೆಗೆ ಎರಡು ದಾರಿಗಳಲ್ಲಿ ಯಾವುದೂ ಕಾನೂನಾಗಲಿಲ್ಲ.

ಹೊರೆ ಎಲ್ಲಿ ಬೀಳುತ್ತದೆ

ವಿಮೆ ಕಳೆದುಕೊಂಡವರನ್ನು ದತ್ತಿ ಕ್ಲಿನಿಕ್‌ಗಳು ನೋಡಿಕೊಳ್ಳುತ್ತವೆ ಎಂಬ ಮಾತಿನಲ್ಲಿ ಒಂದು ದೋಷವಿದೆ. ಈ ಕ್ಲಿನಿಕ್‌ಗಳನ್ನು ಹೊತ್ತು ನಿಂತಿರುವವರೂ ಅದೇ ಹೊಡೆತ ತಿನ್ನುತ್ತಾರೆ. ವಿಮೆಯಿಲ್ಲದವರು ಹೆಚ್ಚಿದರೆ ಆಸ್ಪತ್ರೆಗಳಿಗೆ ಬಾರದ ಬಿಲ್ಲುಗಳು ಹೆಚ್ಚುತ್ತವೆ. ಆಗ ಉಚಿತ ಕ್ಲಿನಿಕ್‌ಗೆ ಪುಕ್ಕಟೆ ರಕ್ತಪರೀಕ್ಷೆ ಮಾಡಿಕೊಡುವ ಉದಾರತೆ ಮೊದಲು ಕುಗ್ಗುತ್ತದೆ. ಸಮುದಾಯ ಆರೋಗ್ಯ ಕೇಂದ್ರಗಳಿಗೆ ಮೆಡಿಕೇಡ್ ಹಣವೇ ಕಡಿಮೆಯಾಗುತ್ತದೆ. ಹಲ್ಲಿನ ವಿಷಯದಲ್ಲಿ ಅವು ಮುನ್ನೆಚ್ಚರಿಕೆಯ ಸೇವೆಯನ್ನಷ್ಟೇ ಕಡ್ಡಾಯವಾಗಿ ಕೊಡಬೇಕಾದ್ದರಿಂದ, ಕೈ ಬಿಗಿಯಾದಾಗ ಕ್ಯಾಪು, ಹಲ್ಲಿನ ಸೆಟ್ಟುಗಳೇ ಮೊದಲು ಕಡಿತಕ್ಕೆ ಗುರಿಯಾಗುತ್ತವೆ. ರಾಜ್ಯಗಳ ಬಜೆಟ್‌ನಲ್ಲಿ 2009ರ ಕ್ಯಾಲಿಫೋರ್ನಿಯಾದ ಕಥೆ ಮರುಕಳಿಸಲು ಕಾನೂನಿನ ಅಡ್ಡಿಯೇನೂ ಇಲ್ಲ. ದಾನಿಗಳು ಇನ್ನಷ್ಟು ಹಣ ಕೊಟ್ಟರೂ ಕುರ್ಚಿ ಕೊಳ್ಳಬಹುದೇ ಹೊರತು ದಂತವೈದ್ಯರ ಬಿಡುವಿನ ಗಂಟೆಗಳನ್ನು ಹೆಚ್ಚಿಸಲಾಗುವುದಿಲ್ಲ.

ಆರು ತಿಂಗಳಿಗೊಮ್ಮೆಯ ಪರಿಶೀಲನೆಯ ಪರಿಣಾಮ ಇನ್ನೂ ಸೂಕ್ಷ್ಮ. ಮಾರ್ಚ್‌ನಲ್ಲಿ ಮೆಡಿಕೇಡ್ ತಪ್ಪಿದ ವ್ಯಕ್ತಿ ಉಚಿತ ಕ್ಲಿನಿಕ್‌ಗೆ ಅರ್ಹನಾಗಿ ಹೆಸರು ಬರೆಸುತ್ತಾನೆ. ಸರದಿ ಬಂದು, ಹಲ್ಲಿನ ನರ ತೆಗೆದು, ತಾತ್ಕಾಲಿಕವಾಗಿ ತುಂಬಿಸಿ, ಕ್ಯಾಪ್‌ಗೆ ಮುಂದಿನ ದಿನಾಂಕ ಕೊಡುವಷ್ಟರಲ್ಲಿ ಕಾಗದಪತ್ರ ಸರಿಹೋಗಿ ಮೆಡಿಕೇಡ್ ಮರಳಿ ಬರುತ್ತದೆ. ಆಗ ವಿಮೆಯಿಲ್ಲದವರಿಗಷ್ಟೇ ಸೇವೆ ಕೊಡುವ ಆ ಕ್ಲಿನಿಕ್‌ನ ನಿಯಮದಂತೆ ಅವನು ಅರ್ಹನಲ್ಲ. ಅವನ ರಾಜ್ಯದ ಮೆಡಿಕೇಡ್ ವಯಸ್ಕರಿಗೆ ಕ್ಯಾಪ್ ಕೊಡದಿದ್ದರೆ ಅಲ್ಲಿಯೂ ದಾರಿಯಿಲ್ಲ. ತಾತ್ಕಾಲಿಕವಾಗಿ ತುಂಬಿದ್ದು ಕೆಲವು ವಾರಗಳ ಮಟ್ಟಿಗೆ ಮಾತ್ರ ನಿಲ್ಲುತ್ತದೆ. ಈ ಕಾರಣದಿಂದಲೇ ‘ವಿಮೆಯಿಲ್ಲದವರು’ ಎಂಬ ಮಾತಿಗೆ ‘ಹಲ್ಲಿನ ವಿಮೆಯಿಲ್ಲದವರು’ ಎಂದು ಅರ್ಥ ಮಾಡಿಕೊಳ್ಳುವ ಕ್ಲಿನಿಕ್‌ಗಳಿವೆ. ಹಾಗೆ ಬಾಗಿಲು ಅಗಲಿಸಿದರೆ ಸಾಲು ಇನ್ನೂ ಉದ್ದವಾಗುತ್ತದೆ ಎಂಬುದು ಗೊತ್ತಿದ್ದೂ ಅವು ಆ ದಾರಿ ಹಿಡಿದಿವೆ.